ಬೀಳುವುದನ್ನು ಕಲಿಸಿದ ಟೀಚರ್

ಟೀಚರ ಎಡಗಿವಿ ಕಾದ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುದುಡಿಕೊಂಡಿತ್ತು. ಸುರುಳಿಗಳೆಲ್ಲ ಒಂದಕ್ಕೊಂದು ಅಂಟಿ, ಗಟ್ಟಿಯಾಗಿ, ಒಳಗೆ ಹೋಗುವ ದಾರಿ ಹುಣಸೆಬೀಜದಷ್ಟು ಮಾತ್ರ ಉಳಿದಿತ್ತು. ಹಾಗಂತ ಅವರು ಅದನ್ನು ಮುಚ್ಚಿಕೊಂಡವರಲ್ಲ. ಇದ್ದುದರಲ್ಲೇ ದೊಡ್ಡ ಮುತ್ತಿನ ಓಲೆಯನ್ನು ಹುಡುಕಿ ಆ ಕಿವಿಗೇ ಹಾಕುತ್ತಿದ್ದರು. ನೆಟ್ಟಗಿದ್ದ ಬಲಗಿವಿಗೆ ಸಣ್ಣದೊಂದು ಚುಕ್ಕೆ, ಅಷ್ಟೇ. ಹುಡುಗಿಯಾಗಿದ್ದಾಗ ಜೂಡೋ ಮ್ಯಾಟಿನ ಮೇಲೆ ಉಜ್ಜಿ ಉಜ್ಜಿ ಆದ ಕಿವಿ ಅದು. ಗಲ್ಫಿನಲ್ಲಿ ನಾವಿರುವ ಪಟ್ಟಣದ ಬಿನ್ ಒಮ್ರಾನ್‌ನ ಕಾರ್ಗೋ ಆಫೀಸಿನಲ್ಲಿ ಅವರು ರಿಸೆಪ್ಷನಿಸ್ಟ್. ಸೇರಿದ ಹೊಸದರಲ್ಲಿ ಮ್ಯಾನೇಜರ್ ಬಂದು, ಗಿರಾಕಿಗಳು ನೋಡುತ್ತಾರೆ, ಕೂದಲನ್ನು ಸ್ವಲ್ಪ ಮುಂದೆ ಬಿಡಬಹುದಲ್ಲ ಎಂದನಂತೆ. ಮರುದಿನ ಟೀಚರ್ ಕೂದಲನ್ನು ಕಿವಿಗಿಂತ ಮೇಲಕ್ಕೆ ಕತ್ತರಿಸಿಕೊಂಡು ಬಂದು ಕುಳಿತರಂತೆ. ಆಮೇಲೆ ಅದು ಉದ್ದವಾದದ್ದೇ ಇಲ್ಲ.

ನಾನು ಅವರನ್ನು ಮೊದಲು ಕಂಡದ್ದು ಅದೇ ಆಫೀಸಿನಲ್ಲಿ. ಊರಿಗೆ ಒಂದು ಪೆಟ್ಟಿಗೆ ಕಳಿಸಲಿಕ್ಕಿತ್ತು. ಹಾಲಿನ ಪುಡಿ, ಸಾಬೂನು, ಕಂಬಳಿ, ಗಲ್ಫಿನವರ ಪೆಟ್ಟಿಗೆಯಲ್ಲಿ ಇರಬೇಕಾದದ್ದೆಲ್ಲ. ಪೆಟ್ಟಿಗೆಯನ್ನು ಇವರು ಹೊತ್ತು ತಂದರು. ಇವರು ಅಂದರೆ ನನ್ನ ಯಜಮಾನರು. ನಾನು ಹಿಂದೆ ಬಂದೆ. ಆ ಆಫೀಸಿನ ನೆಲವೋ, ಮುಖ ನೋಡಿಕೊಳ್ಳಬಹುದಾದಂಥ ಮಾರ್ಬಲ್ಲು. ನಾನು ಗೋಡೆ ಹಿಡಿದು, ಗೋಡೆ ಮುಗಿದಲ್ಲಿ ಕುರ್ಚಿ ಹಿಡಿದು, ಕುರ್ಚಿ ಮುಗಿದಲ್ಲಿ ಇವರ ಅಂಗಿ ಹಿಡಿದು ಕೌಂಟರ್ ಮುಟ್ಟಿದೆ. ಟೀಚರ್ ತಲೆಯೆತ್ತಿ ನೋಡಿದರು. ವಿಳಾಸ ಕೇಳಲಿಲ್ಲ.

"ನೀವು ಎಲ್ಲಿ ಬಿದ್ದದ್ದು?"

ಬಿದ್ದದ್ದು ಅಂತ ಯಾರು ಹೇಳಿದರು ಎಂದೆ.

"ನಡಿಗೆ ಹೇಳ್ತದಲ್ಲ ಮಾರಾಯ್ರೆ. ನೆಲದ ಹತ್ರ ಪರ್ಮಿಶನ್ ಕೇಳಿ ಕೇಳಿ ಹೆಜ್ಜೆ ಇಡ್ತೀರಿ."

ಸುಳ್ಳೇನಲ್ಲ. ಸೂಪರ್ ಮಾರ್ಕೆಟ್ಟಿನ ಮೀನಿನ ಕಟ್ಟೆಯೆದುರು, ಮಂಜುಗಡ್ಡೆ ಕರಗಿದ ನೀರಿಗೆ ನನ್ನ ಕಾಲು ಜಾರಿತ್ತು. ಜಾರಿದ ಕ್ಷಣದಲ್ಲಿ ನಾನು ಮಾಡಿದ್ದೇನು ಗೊತ್ತೇ? ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದುಕೊಂಡೆ, ಮೇಲೆ ಸರಿಯಬಾರದಲ್ಲ. ಇನ್ನೊಂದು ಕೈಯನ್ನು ನೆಲಕ್ಕೆ ಚಾಚಿದೆ. ನನ್ನಷ್ಟು ಭಾರವೆಲ್ಲ ಆ ಒಂದು ಮಣಿಗಂಟಿನ ಮೇಲೆ. ಒಣಸೌದೆ ಮುರಿದ ಸದ್ದು ಕೇಳಿತು. ಆದರೆ ನೆನಪಿನಲ್ಲಿ ಉಳಿದದ್ದು ಆ ಸದ್ದಲ್ಲ. ಬಂಗುಡೆ ಆರಿಸುತ್ತಿದ್ದವರೆಲ್ಲ ತಿರುಗಿ ನೋಡಿದ್ದು.

ನಮ್ಮಮ್ಮನೂ ಹೀಗೇ ಬಿದ್ದಿದ್ದಳು, ಬಾವಿಕಟ್ಟೆಯ ಹತ್ತಿರ. ಬಿದ್ದದ್ದರಿಂದ ಆದ ಪೆಟ್ಟು ಅಷ್ಟೇನಿರಲಿಲ್ಲ. ಆಮೇಲೆ ಎಲ್ಲರೂ ಸೇರಿ ಏಳಬೇಡ, ಏಳಬೇಡ ಎಂದು ಪ್ರೀತಿಯಿಂದಲೇ ಮಲಗಿಸಿದರು. ಮಲಗಿದವಳು ಮಲಗಿಯೇ ಹೋದಳು. ನನ್ನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ನಮ್ಮ ಮನೆಯಲ್ಲೂ ಅದೇ ರಾಗ ಶುರುವಾಯಿತು. ನೀನು ಕೂತಿರು, ನಾನು ತರುತ್ತೇನೆ. ನೀನು ಬರಬೇಡ, ಅಲ್ಲಿ ಮೆಟ್ಟಿಲಿದೆ. ನನ್ನನ್ನು ಗಾಜಿನ ಲೋಟದ ಹಾಗೆ ಕಪಾಟಿನಲ್ಲಿ ಎತ್ತಿಟ್ಟಿದ್ದರು. ನನಗೂ ಕಪಾಟು ಹಿತವಾಗತೊಡಗಿತ್ತು, ಅದೇ ದೊಡ್ಡ ಭಯ.

ಟೀಚರ್ ಪೆಟ್ಟಿಗೆ ತೂಕ ಮಾಡಿ, ಚೀಟಿ ಅಂಟಿಸಿ, ಶುಕ್ರವಾರ ಬೆಳಿಗ್ಗೆ ಪಕ್ಕದ ಪರದೆ ಅಂಗಡಿಯ ಮೇಲಕ್ಕೆ ಬನ್ನಿ, ಹೆಂಗಸರಿಗೆ ಬೀಳಲು ಕಲಿಸುತ್ತೇನೆ ಎಂದರು. ಇವರು ನಕ್ಕರು. ಬೀಳಲಿಕ್ಕೂ ಕ್ಲಾಸಾ ಎಂದರು. ಟೀಚರ್ ನಗಲಿಲ್ಲ. "ಮೇಲಿಂದ ಕೆಳಗೆ ಹೋಗುವ ದಾರಿ ನಿಮಗೆ ಗೊತ್ತುಂಟಾ? ಹಾಗಾದ್ರೆ ನೀವು ಬರುದು ಬೇಡ. ಅವರನ್ನು ಕಳಿಸಿ."

ಪರದೆ ಅಂಗಡಿಯ ಧಣಿಗಳು ನಮ್ಮ ಕಡೆಯವರೇ. ಅಂಗಡಿಯ ಮೇಲಿನ ಅರೆಮಹಡಿಯನ್ನು ಶುಕ್ರವಾರದ ಬೆಳಗ್ಗೆ ಟೀಚರಿಗೆ ಬಿಟ್ಟುಕೊಟ್ಟಿದ್ದರು. ಅವರ ಒಳ್ಳೆಯತನವನ್ನು ಇಲ್ಲಿ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ, ಯಾಕೆಂದರೆ ಮುಂದೆ ಅವರ ಬಗ್ಗೆ ಬೇರೆ ಮಾತೂ ಬರಲಿಕ್ಕಿದೆ. ಅಲ್ಲಿ ಒಂದು ಗೋಡೆಗೆ ಪರದೆ ಬಟ್ಟೆಯ ಸುರುಳಿಗಳು ಒರಗಿರುತ್ತಿದ್ದವು. ನಡುವೆ ಟೀಚರ್ ಮುಚ್ಚಿಹೋದ ಯಾವುದೋ ಜಿಮ್ಮಿನಿಂದ ತಂದಿಟ್ಟ ನೀಲಿ ಮ್ಯಾಟುಗಳು. ಬರುತ್ತಿದ್ದವರು ನನ್ನಂಥವರೇ: ಶಾಲೆಯ ಆಫೀಸಿನವರು, ಲ್ಯಾಬಿನವರು, ಮನೆಯಲ್ಲೇ ಇರುವವರು. ಜೂಡೋ ಕೋಟು ಯಾರ ಹತ್ತಿರ ಇರುತ್ತದೆ? ಗಂಡಂದಿರ ಹಳೆಯ ಜೀನ್ಸ್ ಶರ್ಟು ತನ್ನಿ ಎಂದರು ಟೀಚರ್. ಹಿಡಿದರೆ ಹರಿಯದ ತೋಳು ಬೇಕು, ಅಷ್ಟೇ.

ಎಸೆಯುವುದನ್ನು ಕಲಿಸಿ ಎಂದು ಯಾರಾದರೂ ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಮೊದಲು ಬೀಳಬೇಕು. ಕುಕ್ಕರುಗಾಲಿನಲ್ಲಿ ಕೂತು ಹಿಂದಕ್ಕೆ ಉರುಳುವುದು, ಗದ್ದವನ್ನು ಎದೆಗೆ ಒತ್ತಿಕೊಳ್ಳುವುದು, ಬೆನ್ನು ತಾಗುವಾಗ ಎರಡು ಕೈಯನ್ನೂ ಚಪ್ಪಟೆಯಾಗಿ ಮ್ಯಾಟಿಗೆ ಬಡಿಯುವುದು. ಬಡಿದರೆ ಬಿದ್ದ ಪೆಟ್ಟು ಕೈಗುಂಟ ಹಂಚಿಹೋಗುತ್ತದೆ. ಚಾಚಿದರೆ ಎಲುಬಿಗೆ ಹೋಗುತ್ತದೆ. ಗದ್ದ ಮೇಲಕ್ಕೆದ್ದರೆ ತಲೆ ನೆಲಕ್ಕೆ ಹೊಡೆಯುತ್ತದೆಂದು ಪ್ರತಿಯೊಬ್ಬರ ಗದ್ದದ ಕೆಳಗೂ ಮಡಚಿದ ಖುಬೂಸ್ ರೊಟ್ಟಿ ಇಡುತ್ತಿದ್ದರು. ಅದು ಬಿದ್ದರೆ ಅವರಿಗೆ ಆ ದಿನ ತಿಂಡಿಯಿಲ್ಲ. ಬೀಳದಿದ್ದರೆ ಕ್ಲಾಸು ಮುಗಿದ ಮೇಲೆ ಅದೇ ರೊಟ್ಟಿ, ಕೆಳಗಿನ ಅಂಗಡಿಯ ಕರಕ್ ಚಹಾ. ಬೆವರಿನ ಉಪ್ಪು ಹತ್ತಿದ ಆ ರೊಟ್ಟಿಯ ರುಚಿ ಯಾವ ಹೋಟೆಲಿನಲ್ಲೂ ಸಿಕ್ಕಿಲ್ಲ ನನಗೆ.

ಆದರೆ ನಮಗೆಲ್ಲ ಒಂದು ರೋಗವಿತ್ತು. ಗದ್ದ ಸರಿಯಾಯಿತು, ಬೆನ್ನು ದುಂಡಗಾಯಿತು, ಬಡಿಯಬೇಕಾದ ಕೈ ಮಾತ್ರ ಬಟ್ಟೆಗೆ ಹೋಗುತ್ತಿತ್ತು. ಬೀಳುತ್ತಿರುವಾಗಲೇ ಶರ್ಟಿನ ಅಂಚನ್ನು ಕೆಳಗೆಳೆಯುವುದು. ಬಿದ್ದ ತಕ್ಷಣ ಎದ್ದು ಕೂತು ಇಲ್ಲದ ಸೆರಗನ್ನು ಸರಿಮಾಡುವುದು. ನೋಡಲಿಕ್ಕೆ ಅಲ್ಲಿ ಗಂಡಸರೂ ಇಲ್ಲ, ಪರದೆ ಸುರುಳಿ ಬಿಟ್ಟರೆ. ಟೀಚರ್ ಇದನ್ನು ನಾನಾ ದೇಶದ ಹುಡುಗಿಯರಲ್ಲಿ ಕಂಡಿಲ್ಲವಂತೆ, ನಮ್ಮೂರಿನವರಲ್ಲೇ ಕಂಡದ್ದಂತೆ. ಹಿರಿಯರು ಕೂರುವುದು, ನಿಲ್ಲುವುದು, ನಗುವುದು ಎಲ್ಲವನ್ನೂ ಕಲಿಸುವಾಗ ಆ ಕೈಗೂ ಪಾಠ ಹೇಳಿಬಿಟ್ಟಿದ್ದಾರೆ. ನನ್ನ ದೊಡ್ಡಮ್ಮ ಹೇಳುತ್ತಿದ್ದದ್ದೂ ಅದೇ: ಹೆಣ್ಣು ಜಾರಿದರೂ ಜಾರಿದ ಹಾಗೆ ಕಾಣಬಾರದು. ದೊಡ್ಡಮ್ಮನಿಂದ ನಾನು ಮಾತು ಕಲಿತೆ, ಕತೆ ಕಲಿತೆ. ಆ ಕೈಯನ್ನೂ ಅವಳಿಂದಲೇ ಕಲಿತಿದ್ದೆ.

ಟೀಚರ್ ಅದಕ್ಕೊಂದು ಕ್ರಮ ಮಾಡಿದರು. ಬಿದ್ದ ಮೇಲೆ ಏಳಬಾರದು. ಬಿದ್ದಲ್ಲೇ, ಬಿದ್ದ ಹಾಗೇ, ಕೈಕಾಲು ಚೆಲ್ಲಿ ಮಲಗಿ ತಲೆಯ ಮೇಲಿನ ಮಾಡನ್ನು ನೋಡಬೇಕು. ಶರ್ಟು ಹೊಟ್ಟೆಯ ಮೇಲೆ ಸರಿದಿದ್ದರೆ ಸರಿದಿರಲಿ. ಅವರು ಅರಬ್ಬಿಯಲ್ಲಿ ಯಲ್ಲಾ, ಏಳಿ ಎನ್ನುವವರೆಗೆ ಅಲುಗಾಡುವಂತಿಲ್ಲ. ಮೊದಲ ಸಲ ಹಾಗೆ ಮಲಗಿದ್ದಾಗ ನನಗೆ ಅಳು ಬಂತು, ಯಾಕೆಂದು ಇವತ್ತಿಗೂ ಹೇಳಲಾರೆ. ಟೀಚರ್ ಮೇಲಿನಿಂದ ಬಾಗಿ ನೋಡಿದರು. ಮುತ್ತಿನೋಲೆ ತೂಗುತ್ತಿತ್ತು.

"ನೀನು ಬಿದ್ದದ್ದು ನೆಲಕ್ಕೆ ಮಾರಾಯ್ತಿ. ಜನರ ಬಾಯಿಗೆ ಅಲ್ಲ. ಮಲಗು ಅಲ್ಲೇ."

ಹೀಗೆ ಒಂಟಿಯಾಗಿ ಬೀಳುವುದು ಬಂತು. ಮುಂದಿನದು ಇನ್ನೊಬ್ಬರಿಂದ ಎಸೆಸಿಕೊಂಡು ಬೀಳುವುದು. ಇಲ್ಲಿ ಟೀಚರ ನಿಯಮ ಎಸೆಯುವವಳಿಗೇ ಹೆಚ್ಚು. ಎಸೆದವಳು ಬಿದ್ದವಳ ತೋಳನ್ನು ಕೊನೆಯವರೆಗೂ ಬಿಡಬಾರದು. ಸೊಂಟದ ಮೇಲಿನಿಂದ ಹಾಯಿಸಿ, ಅವಳು ನೆಲ ಮುಟ್ಟುವ ಹೊತ್ತಿಗೆ ಹಿಡಿದ ತೋಳನ್ನು ಮೇಲಕ್ಕೆ ಜಗ್ಗಬೇಕು, ಆಗ ತಲೆ ಮೇಲುಳಿಯುತ್ತದೆ, ಬೆನ್ನು ಮೆತ್ತಗೆ ಇಳಿಯುತ್ತದೆ. ತೋಳು ಬಿಟ್ಟವಳನ್ನು ಅವರು ಮ್ಯಾಟಿನಿಂದ ಹೊರಗೆ ಕಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು, ಲ್ಯಾಬಿನ ಹೆಡ್ ಆದರೂ ಸರಿ. "ಎಸೀಲಿಕ್ಕೆ ಯಾರಿಗೂ ಬರ್ತದೆ. ಕಂಪೆನಿಯವ್ರು ನೋಡಿ, ದಿನಾ ಎಸೀತಾರೆ. ತೋಳು ಹಿಡ್ಕೊಳ್ಳುವವ ಯಾರುಂಟು ಹೇಳಿ."

ಎಲ್ಲರೂ ಎಸೆಸಿಕೊಂಡರು, ನಾನೊಬ್ಬಳನ್ನು ಬಿಟ್ಟು. ನನ್ನ ಕಾಲು ನೆಲ ಬಿಡುತ್ತದೆ ಎಂದರೆ ಮುರಿದ ಮಣಿಗಂಟು ಮತ್ತೆ ನೋಯುತ್ತಿತ್ತು. ಟೀಚರ್ ಒತ್ತಾಯ ಮಾಡಲಿಲ್ಲ. ನೀನು ಕೇಳುವ ದಿನ ಎಸೆಯುತ್ತೇನೆ, ಕೇಳದಿದ್ದರೆ ಇಲ್ಲ ಎಂದರು. ಪ್ರತಿ ಶುಕ್ರವಾರ ನಾನು ಗೋಡೆಗೊರಗಿ ಕೂತು, ಇವತ್ತು ಕೇಳಬೇಕು ಎಂದುಕೊಳ್ಳುತ್ತಿದ್ದೆ. ರೊಟ್ಟಿ ತಿಂದು ಮನೆಗೆ ಬರುತ್ತಿದ್ದೆ.

ಆಗ ಬಂತು ನೋಡಿ ವಾರ್ಷಿಕೋತ್ಸವ. ಇಲ್ಲಿರುವ ನಮ್ಮೂರಿನವರ ಸಂಘದ ಕಾರ್ಯಕ್ರಮ, ದೊಡ್ಡ ಹಾಲು, ಧಣಿಗಳೇ ಮುಂದೆ ನಿಂತು ನಡೆಸುವುದು. ಒಂದು ಶುಕ್ರವಾರ ಕಮಿಟಿಯ ನಾಲ್ಕೈದು ಜನರನ್ನು ಕರೆದುಕೊಂಡು ಮೇಲೆ ಬಂದರು. ಹೆಂಗಸರು ಗಂಡಸರನ್ನು ಸ್ಟೇಜಿನ ಮೇಲೆ ಎತ್ತಿ ಎಸೆಯುವ ಐಟಂ ಬೇಕಂತೆ. ಟೀಚರ್ ಬೇಕಾದರೆ ಬೀಳುವುದನ್ನು ತೋರಿಸುತ್ತೇವೆ ಎಂದರು.

"ಟೀಚರೇ, ಹೆಂಗಸ್ರು ಬೀಳುದನ್ನು ನೋಡ್ಲಿಕ್ಕೆ ಹಾಲಿಗೆ ಯಾಕೆ ಬರ್ಬೇಕು? ಅದು ಮನೆಯಲ್ಲೇ ಕಾಣ್ತದೆ," ಎಂದರು ಧಣಿಗಳು.

"ಹೌದಾ? ಯಾರ ಮನೆಯಲ್ಲಿ?" ಎಂದರು ಟೀಚರ್, ತೀರಾ ಸಮಾಧಾನದಿಂದ.

ಧಣಿಗಳು ಕೆಮ್ಮಿ, ಬೇರೆ ದಾರಿ ಹಿಡಿದರು. ನಮ್ಮ ಹುಡುಗರು ತಾವಾಗಿಯೇ ಹಾರಿ ಬೀಳುತ್ತಾರೆ, ನಿಮ್ಮವರು ಕೈ ಮುಟ್ಟಿಸಿದರೆ ಸಾಕು, ಸ್ಟೇಜಿಗೆ ಕೆಂಪು ಕಾರ್ಪೆಟ್ ಹಾಸಿಸುತ್ತೇನೆ ಎಂದರು. ಬೀಳಲು ಬಾರದವನು ಹಲಗೆಯ ಮೇಲೆ ಹಾರಿದರೆ ಭುಜದ ಎಲುಬು ಹೋಗುತ್ತದೆ, ಕಾರ್ಪೆಟ್ಟಿನ ಬಣ್ಣ ನೋಡಿ ಎಲುಬು ಸುಮ್ಮನಿರುವುದಿಲ್ಲ ಎಂದರು ಟೀಚರ್. ಮಾತು ಬೆಳೆಯಿತು. ಕೊನೆಗೆ ಧಣಿಗಳ ಕಣ್ಣು ಗೋಡೆಗೊರಗಿದ್ದ ನನ್ನ ಮೇಲೆ ಬಿತ್ತು.

"ಹಾಗಾದ್ರೆ ಇವ್ರನ್ನು ಎಸೀರಿ ನೋಡುವ. ಕ್ರೇನ್ ಬೇಕಾದ್ರೆ ಹೇಳಿ, ನಮ್ಮವರ ಸೈಟಿಗೆ ಫೋನ್ ಮಾಡ್ತೇನೆ."

ಕಮಿಟಿಯವರು ನಕ್ಕರು. ನನ್ನ ಕೈ ತಾನಾಗಿಯೇ ಶರ್ಟಿನ ಅಂಚಿಗೆ ಹೋಯಿತು. ಟೀಚರ್ ನೋಡಿದ್ದು ಧಣಿಗಳನ್ನಲ್ಲ, ಆ ನನ್ನ ಕೈಯನ್ನು.

"ಅವಳು ಕೇಳುವವರೆಗೆ ಅವಳನ್ನು ನಾನು ಎಸೆಯುದಿಲ್ಲ. ನೀವು ಕೇಳ್ತೀರಾದ್ರೆ ಬನ್ನಿ."

ಜನರೆದುರು ಹಿಂದೆ ಸರಿಯುವವರಲ್ಲ ಧಣಿಗಳು. ವಾಚು ಬಿಚ್ಚಿ ಒಬ್ಬರ ಕೈಗೆ ಕೊಟ್ಟು, ಬೂಟು ಕಳಚಿ, ಮ್ಯಾಟಿನ ಮೇಲೆ ನಿಂತರು. ಟೀಚರ್ ಅವರ ಎದೆಯ ಮಟ್ಟಕ್ಕೆ ಬರುತ್ತಿದ್ದರಷ್ಟೆ. ಒಂದು ಕೈ ತೋಳಿಗೆ, ಒಂದು ಕೈ ಕಾಲರಿಗೆ. ತಿರುಗಿದ್ದು ಕಂಡಿತು, ಬಾಗಿದ್ದು ಕಂಡಿತು, ಆಮೇಲೆ ಕಂಡದ್ದು ಧಣಿಗಳ ಸಾಕ್ಸು, ಮಾಡಿನ ಕಡೆಗೆ. ಗಾಳಿಯಲ್ಲಿದ್ದಾಗ ಅವರ ಎಡಗೈ ನೆಲಕ್ಕೆ ಚಾಚಿತು, ಥೇಟ್ ಮೀನುಕಟ್ಟೆಯೆದುರಿನ ನನ್ನ ಕೈಯ ಹಾಗೆ. ಅದರ ಮೇಲೆ ಭಾರ ಬೀಳುವ ಮೊದಲೇ ಟೀಚರ್ ಹಿಡಿದಿದ್ದ ಬಲದೋಳನ್ನು ತಮ್ಮ ಎದೆಗೆ ಜಗ್ಗಿಕೊಂಡರು. ಅಷ್ಟು ದೊಡ್ಡ ಆಳು, ತೊಟ್ಟಿಲಿಗೆ ಇಳಿಸಿದ ಕೂಸಿನ ಹಾಗೆ ಮ್ಯಾಟಿಗೆ ಇಳಿದರು. ಟೀಚರ್ ಮಂಡಿಯೂರಿ, ತೋಳು ಇನ್ನೂ ಬಿಡದೆ, ಎಲ್ಲಾದರೂ ನೋವುಂಟಾ ಎಂದು ಕೇಳಿದರು.

ಆ ಒಂದು ಪ್ರಶ್ನೆಯನ್ನು ಧಣಿಗಳು ಕ್ಷಮಿಸಲಿಲ್ಲ. ದಪ್ಪಂತ ಬೀಳಿಸಿದ್ದರೆ ತಮಾಷೆಯಾಗಿ ಮುಗಿಯುತ್ತಿತ್ತೋ ಏನೋ. ಕಮಿಟಿಯವರು ಈಗ ಅವರನ್ನು ನೋಡಿ ನಕ್ಕರು. ಮುಂದಿನ ವಾರದೊಳಗೆ ಸುದ್ದಿ ಬಂತು: ಹೊಸ ಸ್ಟಾಕು ಬರುತ್ತದೆ, ಅರೆಮಹಡಿ ಬೇಕು, ಖಲಾಸ್.

ಮ್ಯಾಟುಗಳನ್ನು ಇಳಿಸಲು ಹೋದ ದಿನ ನಮ್ಮಲ್ಲೇ ಮಾತಾಯಿತು. ಒಂದು ಸಾರಿ ಕ್ಷಮೆ ಕೇಳಿದರೆ ಧಣಿಗಳು ಕರಗುತ್ತಾರೆ, ಒಳ್ಳೆಯ ಮನುಷ್ಯ ಎಂದು ಯಾರೋ ಹೇಳಿದರು. ಟೀಚರ್ ಮೆಟ್ಟಿಲ ನಡುವೆ, ತಲೆಯ ಮೇಲೆ ಮ್ಯಾಟು ಹೊತ್ತುಕೊಂಡು ನಿಂತುಬಿಟ್ಟರು.

"ಕ್ಷಮೆ ಎಂತಕ್ಕೆ? ಎಸೆದದ್ದಕ್ಕಾದ್ರೆ ಅವರೇ ಕೇಳಿದ್ದು. ಹಿಡ್ಕೊಂಡದ್ದಕ್ಕಾದ್ರೆ ನಾನು ಕೇಳುದಿಲ್ಲ."

ಅಂಗಡಿಯ ಒಳಗಿನಿಂದ ಧಣಿಗಳು ಕೇಳಿಸಿಕೊಳ್ಳುತ್ತಿದ್ದರು. ಕೇಳಲಿ ಎಂದೇ ಅಷ್ಟು ಗಟ್ಟಿಯಾಗಿ ಹೇಳಿದ್ದು. ಮ್ಯಾಟುಗಳು ಬಿಸಿಲಿನಲ್ಲಿ ಫುಟ್‌ಪಾತಿನ ಮೇಲೆ ಬಿದ್ದಿದ್ದವು, ಎಲ್ಲಿಗೆ ಒಯ್ಯುವುದೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಗೆ ಎಂದು ಒಂದು ದನಿ ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಅದು ನನ್ನದೇ ಎಂದು ಗೊತ್ತಾಯಿತು.

ನಮ್ಮದು ಅಲ್ ವುಕೈರ್‌ನಲ್ಲಿ ಫ್ಲ್ಯಾಟು. ದೂರ, ಆದರೆ ಹಾಲು ದೊಡ್ಡದು. ಸಂಜೆ ಇವರು ಬಂದು ಬಾಗಿಲಲ್ಲೇ ನಿಂತರು. ಸೋಫಾ ಎಲ್ಲಿ ಎಂದರು. ಬಾಲ್ಕನಿಯಲ್ಲಿ ಎಂದೆ. ಟಿವಿ? ಮಲಗುವ ಕೋಣೆಯಲ್ಲಿ. ನಾನೆಲ್ಲಿ ಕೂರುವುದು ಎಂದರು. ನೀವು ಕೂತಿರಿ, ನಾನು ತರುತ್ತೇನೆ ಎಂದೆ. ಅವರಿಗೆ ಆ ಮಾತು ಎಲ್ಲಿಯದೆಂದು ಅರ್ಥವಾಯಿತು. ಮುಂದೆ ಶುಕ್ರವಾರಗಳಂದು ತಾವೇ ಚಹಾ ಮಾಡಿ ಫ್ಲಾಸ್ಕಿನಲ್ಲಿಟ್ಟು ಹೊರಗೆ ಹೋಗತೊಡಗಿದರು.

ಮೊದಲ ಕ್ಲಾಸಿನ ನಡುವೆಯೇ ಕೆಳಗಿನ ಮನೆಯ ಮಲಯಾಳಿ ನರ್ಸ್ ಬಂದು ಬಾಗಿಲು ತಟ್ಟಿದಳು. ನೈಟ್ ಡ್ಯೂಟಿ ಮುಗಿಸಿ ಮಲಗಿದ್ದವಳು. "ಚೇಚೀ, ಅಕ್ಕಾ, ಮೇಲೆ ಎಂದಾ, ಏನದು? ನಮ್ಮ ಫ್ಯಾನ್ ಅಲ್ಲಾಡ್ತಿದೆ," ಎಂದಳು, ಅವಳ ಭಾಷೆಗೆ ನನ್ನ ಭಾಷೆ ಬೆರೆಸಿ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಟೀಚರ್ ಅವಳ ಗದ್ದದ ಕೆಳಗೆ ಒಂದು ರೊಟ್ಟಿ ಸಿಕ್ಕಿಸಿಯಾಗಿತ್ತು. ಕ್ಲಾಸಿನ ಹೊತ್ತು ಅವಳ ನಿದ್ದೆಗೆ ಅಡ್ಡ ಬಾರದ ಹಾಗೆ ಬದಲಾಯಿತು. ಅವಳೂ ಬರತೊಡಗಿದಳು. ದಿನವಿಡೀ ರೋಗಿಗಳನ್ನು ಎತ್ತಿ ಇಳಿಸುವ ಅವಳಿಗೆ ತೋಳು ಬಿಡಬಾರದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟಾದರೂ ನಾನು ಕೇಳಿರಲಿಲ್ಲ. ನನ್ನದೇ ಮನೆ, ನನ್ನದೇ ನೆಲ, ಗೋಡೆಗೊರಗಿ ಕೂರುವುದೂ ನಾನೇ.

ಒಂದು ಶುಕ್ರವಾರ ರೊಟ್ಟಿ ಮುರಿಯುತ್ತ ಟೀಚರ್, ಹೊಟ್ಟೆಯಲ್ಲಿ ಬೇಡದ್ದೊಂದು ಬೆಳೆದಿದೆ, ಊರಿಗೆ ತಂಗಿಯ ಮನೆಗೆ ಹೋಗುತ್ತೇನೆ, ಆಫೀಸಿಗೆ ಹೇಳಿ ಆಯಿತು ಎಂದರು. ನಾಳೆ ಅಂಗಡಿಗೆ ರಜೆ ಎನ್ನುವ ಹಾಗೆ ಹೇಳಿದರು. ಒಬ್ಬಳು ಬಿಕ್ಕತೊಡಗಿದಾಗ ಅವರ ಹುಬ್ಬು ಗಂಟಿಕ್ಕಿತು. ಅವರಿಗೆ ಕನಿಕರ ಎಂದರೆ ಆಗುತ್ತಿರಲಿಲ್ಲ. ನಾನು ಎದ್ದು ಮ್ಯಾಟಿನ ನಡುವೆ ಹೋಗಿ ನಿಂತೆ.

"ಟೀಚರೇ, ನನ್ನನ್ನು ಎಸೀರಿ."

ಅವರು ಬಾಯಲ್ಲಿದ್ದ ರೊಟ್ಟಿಯನ್ನು ಅಗಿದು ನುಂಗಿದರು. ಆಮೇಲೆ ನಗು ಬಂತು. "ಇಷ್ಟು ದಿನ ಬಿಟ್ಟು, ಹೊಟ್ಟೆ ಕೆಟ್ಟ ಮೇಲೆ ಈ ಭಾರ ಹೊರಿಸ್ತೀಯಲ್ಲ ಮಾರಾಯ್ತಿ."

ಬೇಡ ಟೀಚರ್ ಎಂದು ಎಲ್ಲರೂ ತಡೆದರು. ಟೀಚರ್ ಆಗಲೇ ನನ್ನ ತೋಳು ಹಿಡಿದಿದ್ದರು. ಹತ್ತಿರದಿಂದ ಆ ಕಿವಿ ಕಂಡಿತು, ಆ ಮುತ್ತು ಕಂಡಿತು. ಮರುಕ್ಷಣ ನನ್ನ ಕಾಲ ಕೆಳಗೆ ನೆಲವಿರಲಿಲ್ಲ. ಭಯಪಡಲು ಇಷ್ಟು ಕಾಲ ತೆಗೆದುಕೊಂಡಿದ್ದೆ, ಬೀಳಲು ಒಂದು ಉಸಿರೂ ಬೇಕಾಗಲಿಲ್ಲ. ಬೆನ್ನು ದುಂಡಗೆ ಇಳಿಯಿತು. ಬಲದೋಳು ಅವರ ಹಿಡಿತದಲ್ಲಿ ಬಿಗಿಯಾಗಿ, ಬಾವಿಗಿಳಿದ ಕೊಡದ ಹಗ್ಗದ ಹಾಗೆ ಮೇಲಿತ್ತು. ಆದರೆ ಮ್ಯಾಟಿಗೆ ಬಡಿಯಬೇಕಾದ ಎಡಗೈ ಎಲ್ಲಿತ್ತು? ಶರ್ಟಿನ ಅಂಚಿನಲ್ಲಿ.

ಟೀಚರ್ ಏದುಸಿರು ಬಿಡುತ್ತ ಅದನ್ನು ನೋಡಿದರು. "ನೀನು ಸತ್ತ ಮೇಲೂ ಎದ್ದು ಸೀರೆ ಸರಿ ಮಾಡ್ಕೊಳ್ಳುವವಳು," ಎಂದರು. ತೋಳು ಬಿಟ್ಟದ್ದು ಆಮೇಲೆ.

ಊರಿನಿಂದ ಆಗಾಗ ಫೋನು ಮಾಡುತ್ತಿದ್ದರು. ತಮ್ಮ ಸುದ್ದಿ ಹೇಳುತ್ತಿರಲಿಲ್ಲ, ಯಾರ ಗದ್ದ ಮೇಲೇಳುತ್ತಿದೆ, ಯಾರು ತೋಳು ಬಿಡುತ್ತಿದ್ದಾರೆ ಎಂದು ಕೇಳುತ್ತಿದ್ದರು. ಕೊನೆಯ ಸಲ ಮಾತಾಡಿದಾಗ ದನಿ ಸೋತಿತ್ತು. ಹಾಸಿಗೆ ಬಿಟ್ಟು ಏಳಬಾರದೆಂದು ಎಲ್ಲರೂ ಹೇಳುತ್ತಾರಂತೆ. "ಎಲ್ಲಿ ಬೀಳ್ತೇನೋ ಅಂತ ಇವರಿಗೆ ಹೆದರಿಕೆ. ನನಗಾ? ಬಚ್ಚಲಿಗೆ ನಾನು ನಡ್ಕೊಂಡೇ ಹೋಗುದು." ಅಮ್ಮನ ನೆನಪಾಗಿ ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. ಅವರಿಗೆ ಅದೂ ಗೊತ್ತಾಯಿತು. ಯಾರೋ ನೋಡಲು ಬಂದರು ಎಂದು ಸುಳ್ಳು ಹೇಳಿ ಫೋನಿಟ್ಟರು.

ಟೀಚರ್ ತೀರಿಕೊಂಡರೆಂದು ತಂಗಿಯ ಮೆಸೇಜು ಬಂದದ್ದು ಒಂದು ಗುರುವಾರ. ಹಿಂದಿನ ದಿನವೂ ಬಚ್ಚಲಿಗೆ ನಡೆದುಕೊಂಡೇ ಹೋಗಿದ್ದರು ಎಂದು ಅದರಲ್ಲಿ ಬರೆದಿತ್ತು. ನಾನು ಕೇಳದೆಯೇ ಅದನ್ನು ಬರೆದ ಆ ತಂಗಿಗೆ ಅಕ್ಕನ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಮರುದಿನ ಎಲ್ಲರೂ ಬಂದರು. ಒಂದು ನಿಮಿಷ ಮೌನ ನಿಲ್ಲೋಣವೇ ಎಂದು ಲ್ಯಾಬಿನವರು ಕೇಳಿದರು. ಮೌನವೇ, ಟೀಚರಿಗೇ ಎಂದೆ ನಾನು. ಮ್ಯಾಟು ಹಾಸಿದೆವು. ಒಬ್ಬರ ಹಿಂದೆ ಒಬ್ಬರು ಬಿದ್ದೆವು, ಕೈ ಉರಿಯುವಷ್ಟು ಬಡಿದು ಬಿದ್ದೆವು. ಕೆಳಗಿನ ಮನೆಯ ಫ್ಯಾನು ಅಲ್ಲಾಡಿರಬೇಕು, ಅದರ ಕೆಳಗೆ ಮಲಗಬೇಕಾದವಳು ನನ್ನೆದುರಿಗೇ ನಿಂತಿದ್ದಳು. ನನ್ನ ಸರದಿ ಬಂದಾಗ ಗೋಡೆ ಬಿಟ್ಟು ಬಂದು, ನನ್ನನ್ನು ಎಸೆ ಎಂದು ಅವಳನ್ನು ಕೇಳಿದೆ.

ಧಣಿಗಳು ಈಗಲೂ ಕಾರ್ಯಕ್ರಮಗಳಲ್ಲಿ ಸಿಗುತ್ತಾರೆ. ನನ್ನನ್ನು ಕಂಡರೆ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಳ್ಳುತ್ತಾರೆ, ಹಿಡಿಯಲು ಸಿಗದ ಹಾಗೆ. ನಾನು ನಮಸ್ಕಾರ ಮಾಡಿ, ಮಾರ್ಬಲ್ಲಿನ ನಟ್ಟನಡುವೆ ನಡೆದುಕೊಂಡು ಹೋಗುತ್ತೇನೆ.

ಆ ಶುಕ್ರವಾರ ನರ್ಸ್ ನನ್ನನ್ನು ಎಸೆದಳು. ನೆಲ ಹೋಯಿತು, ಬಂತು. ನನ್ನ ಎಡಗೈ ಮ್ಯಾಟಿಗೆ ಬಡಿದ ಸದ್ದು ಬಾಲ್ಕನಿಯ ಸೋಫಾದವರೆಗೂ ಕೇಳಿರಬೇಕು. ಶರ್ಟು ಹೊಟ್ಟೆಯ ಮೇಲೆ ಸರಿದಿತ್ತು. ಸರಿದೇ ಇತ್ತು. ಯಲ್ಲಾ ಎನ್ನುವವರು ಯಾರೂ ಇರಲಿಲ್ಲವಾದ್ದರಿಂದ ನಾನು ಬಹಳ ಹೊತ್ತು ಹಾಗೇ ಮಲಗಿ ಮಾಡನ್ನು ನೋಡಿದೆ. ನರ್ಸ್ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಳು, ಅಷ್ಟು ಹೊತ್ತೂ ನನ್ನ ತೋಳು ಬಿಡದೆ.